ಹತ್ತಡಿಗೆ ಎಷ್ಟು ಅರ್ಜಿ

ಮುಂಬಯಿಯ ಆಂಟಾಪ್ ಹಿಲ್‌ನ ಸಿಜಿಎಸ್ ಕಾಲೊನಿಯಲ್ಲಿ ಯಾರ ಮನೆಯ ಟಿವಿ ಎಷ್ಟು ಇಂಚಿನದು ಎಂದು ತಿಳಿಯಲು ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ಫೋನಿನಲ್ಲಿ ‘ಸ್ಕ್ರೀನ್ ಕಾಸ್ಟ್’ ಒತ್ತಿದರೆ ಸಾಕು. ಗೋಡೆಗೆ ಗೋಡೆ ತಾಗಿದ ಕ್ವಾರ್ಟರ್ಸ್. ಮೇಲಿನವರದು, ಕೆಳಗಿನವರದು, ಎದುರು ಬಾಗಿಲಿನವರದು, ಎಲ್ಲ ಟಿವಿಗಳೂ ಕಂಪನಿಯ ಹೆಸರು, ಇಂಚು ಸಮೇತ ಸಾಲಾಗಿ ಹಾಜರಿ ಹಾಕುತ್ತವೆ. ಕೇಂದ್ರ ಸರ್ಕಾರ ಇಲ್ಲಿ ನೌಕರರ ಸಂಬಳದ ಮಟ್ಟ ನೋಡಿ ಟೈಪ್ 2, ಟೈಪ್ 3 ಎಂದು ಮನೆ ಹಂಚುತ್ತದೆ. ಟಿವಿಗೆ ಆ ಶಿಸ್ತಿಲ್ಲ. ಗುಮಾಸ್ತರ ಮನೆಯಲ್ಲಿ 65 ಇಂಚು, ಅವರ ಸೂಪರಿಂಟೆಂಡೆಂಟರ ಮನೆಯಲ್ಲಿ 32. ಸೋಮವಾರ ತಮ್ಮ ಕಡತ ಯಾಕೆ ಷರಾ ಬರೆಸಿಕೊಂಡು ವಾಪಸಾಯಿತು ಎಂದು ಪಾಪ, ಗುಮಾಸ್ತರಿಗೆ ಹೊಳೆಯುವುದೇ ಇಲ್ಲ.

ಪಟ್ಟಿಯಲ್ಲಿ ಕಾಣಿಸದೇ ಇರುವುದು ಒಂದೇ: ಸ್ವಂತ ಮನೆಯ ಟಿವಿ.

ಫೋನಿನ ಚಿತ್ರವನ್ನು ಹತ್ತಡಿ ದಾಟಿಸುವ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಆಪಲ್ 2010ರಲ್ಲೇ ಏರ್‌ಪ್ಲೇ ತಂದಿತು. ವೈ-ಫೈ ಅಲಯನ್ಸ್ ಎಂಬ ಕಂಪನಿಗಳ ಕೂಟ 2012ರಲ್ಲಿ ಮಿರಾಕಾಸ್ಟ್ ತಂದು, ಇನ್ನು ಮೇಲೆ ಯಾರ ಫೋನಾದರೂ ಯಾರ ಟಿವಿಯನ್ನಾದರೂ ಸೇರಬಹುದು ಎಂದು ಸಾರಿತು. ಮರುವರ್ಷವೇ ಗೂಗಲ್ 35 ಡಾಲರಿನ, ಟಿವಿಗೆ ಸಿಕ್ಕಿಸುವ ಕ್ರೋಮ್‌ಕಾಸ್ಟ್ ಹಿಡಿದು ಬೇರೆ ದಾರಿಯಲ್ಲಿ ಹೊರಟಿತು. ನಮ್ಮಲ್ಲಿಗೆ ಅದು ಬಂದದ್ದು 2014ರ ಡಿಸೆಂಬರಿನಲ್ಲಿ, 2,999 ರೂಪಾಯಿಗೆ. ಐಫೋನಿಗೆ ಮಿರಾಕಾಸ್ಟ್ ಬೇಡ, ಗೂಗಲ್‌ನ ಪಿಕ್ಸೆಲ್ಲಿಗೂ ಬೇಡ. ಎಲ್ಲರಿಗೂ ಸಲ್ಲುವ ದಾರಿಯಲ್ಲಿ ಈಗ ಉಳಿದವರು ಮಾತ್ರ ನಡೆಯುತ್ತಾರೆ.

ಚಿತ್ರ ದಾಟಿಸುವುದರಲ್ಲಿ ಎರಡು ಬಗೆ. ಕಾಸ್ಟ್ ಮಾಡಿದಾಗ ಫೋನು ಟಿವಿಗೆ ವಿಡಿಯೊದ ವಿಳಾಸ ಕೊಟ್ಟು ಸುಮ್ಮನಾಗುತ್ತದೆ. ಟಿವಿಯೇ ಅಂತರ್ಜಾಲದಿಂದ ತಂದುಕೊಳ್ಳುತ್ತದೆ. ಮಿರರ್ ಮಾಡಿದಾಗ ಹಾಗಲ್ಲ, ಫೋನಿನಲ್ಲಿ ಕಂಡದ್ದೆಲ್ಲ ಟಿವಿಯಲ್ಲೂ ಕಾಣಬೇಕು. ಎಲ್ಲ ಎಂದರೆ ಎಲ್ಲ. ಊರಿಂದ ಬಂದ ನೆಂಟರನ್ನು ಸಾಲಾಗಿ ಕೂರಿಸಿ ಮಗನ ಉಪನಯನದ ಫೋಟೊ ತೋರಿಸುತ್ತಿರುವಾಗ, ಸರಿಯಾಗಿ ವಟುವಿನ ತಲೆಯ ಮೇಲೆ, ಡೊಂಬಿವಲಿಯ ನಾದಿನಿಯ ವಾಟ್ಸ್ಆ್ಯಪ್ ಇಳಿಯುತ್ತದೆ: ‘ಭಾವ, ಅವರು ಇನ್ನೂ ಹೊರಡ್ಲಿಲ್ವಾ? ನಮ್ಮಲ್ಲಿಗೆ ಮಾತ್ರ ಕಳಿಸ್ಬೇಡಿ ಮಾರಾಯ್ರೆ.’ ಕೈಯಗಲದ ತೆರೆಯಲ್ಲಿ ಮುಚ್ಚಿಡಬಹುದಾಗಿದ್ದ ಸತ್ಯ 55 ಇಂಚಿನಲ್ಲಿ ಚೆನ್ನಾಗಿ ಓದಲು ಬರುತ್ತದೆ, ಕನ್ನಡಕ ಮರೆತು ಬಂದ ಅಜ್ಜನಿಗೂ.

ಇಷ್ಟಾದರೂ ಯಂತ್ರ ಬದುಕಿದ್ದರೆ ಪುಣ್ಯ. 2025ರ ಮಾರ್ಚ್ 9ರಂದು ಲೋಕದ ತುಂಬ ಎರಡನೇ ಪೀಳಿಗೆಯ ಕ್ರೋಮ್‌ಕಾಸ್ಟ್‌ಗಳು ಒಟ್ಟಿಗೆ ಮುಷ್ಕರ ಹೂಡಿದವು. ಸುಟ್ಟದ್ದಲ್ಲ, ಒಡೆದದ್ದಲ್ಲ, ಒಳಗಿದ್ದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಅದನ್ನು ನವೀಕರಿಸಬೇಕೆಂಬುದು ಕಂಪನಿಗೆ ನೆನಪಿರಲಿಲ್ಲ. ಬೇರೆಯವರು ಬೆಚ್ಚಿರಬಹುದು, ಸಿಜಿಎಸ್ ಕಾಲೊನಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡದ ಪಿಂಚಣಿದಾರ ಬ್ಯಾಂಕಿನ ಕೌಂಟರಿನ ಮುಂದೆ ಉಸಿರಾಡುತ್ತ ನಿಂತಿದ್ದರೂ ಲೆಕ್ಕಕ್ಕಿಲ್ಲವಲ್ಲ, ಹಾಗೆಯೇ ಇದೂ.

ಆದರೆ ನಿಜವಾದ ಪಹರೆ ಯಂತ್ರದಲ್ಲಿಲ್ಲ, ಚಂದಾದಲ್ಲಿದೆ. ನೆಟ್‌ಫ್ಲಿಕ್ಸ್ 2019ರ ಜುಲೈಯಲ್ಲಿ ಭಾರತಕ್ಕೆಂದೇ 199 ರೂಪಾಯಿಯ ಮೊಬೈಲ್ ಪ್ಲಾನ್ ತಂದಿತು, ಈಗ 149. ಬಡವರ ಮೇಲೆ ಎಂಥ ಕರುಣೆ! ಷರತ್ತು ಒಂದೇ: ಬಡವರು ಫೋನಿನಲ್ಲೇ ನೋಡಬೇಕು, ಟಿವಿಗೆ ದಾಟಿಸಕೂಡದು. ಜಿಯೊಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಶುರುವಾದಾಗ ಅದರಲ್ಲೂ ಮೂರು ತಿಂಗಳಿಗೆ 149 ರೂಪಾಯಿಯ ಇಂಥದೇ ಪ್ಲಾನ್. ಅದೇ ಮ್ಯಾಚು, ಅದೇ ಸಿಕ್ಸರು. ಆದರೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವುದಾದರೆ ದರ ಬೇರೆ. ಒಂಟಿಯಾಗಿ ನೋಡಿದರೆ ಅಗ್ಗ. ಮಕ್ಕಳು ಫೋನು ಹಿಡಿದು ಮೂಲೆ ಸೇರುತ್ತವೆ ಎಂದು ಮಾಟುಂಗಾದ ಸಭೆಗಳಲ್ಲಿ ಮರುಗುವ ಭಾಷಣಕಾರರು ಈ ದರಪಟ್ಟಿಯನ್ನೊಮ್ಮೆ ನೋಡಬೇಕು.

ದುಡ್ಡು ಕೊಟ್ಟವರಿಗೂ ನೆಮ್ಮದಿಯಿಲ್ಲ. ನೆಟ್‌ಫ್ಲಿಕ್ಸ್ 2019ರಲ್ಲಿ ಏರ್‌ಪ್ಲೇ ಕೈಬಿಟ್ಟಿತು. 2025ರ ಕೊನೆಗೆ ರಿಮೋಟ್ ಇರುವ ಬಹುತೇಕ ಟಿವಿಗಳಿಗೆ ಫೋನಿನಿಂದ ಕಾಸ್ಟ್ ಮಾಡುವುದನ್ನೂ ನಿಲ್ಲಿಸಿತು. ರಿಮೋಟ್ ಇದೆಯಲ್ಲ, ಅದನ್ನೇ ಒತ್ತಿ ಎಂಬುದು ಒಟ್ಟು ತಾತ್ಪರ್ಯ. ಆ ರಿಮೋಟಿನ ಬಾಣದ ಗುಂಡಿ ಒತ್ತೊತ್ತಿ ಒಂದೊಂದೇ ಅಕ್ಷರ ಹುಡುಕಿ ಪಾಸ್‌ವರ್ಡ್ ತುಂಬುವವರನ್ನು ಕಂಡರೆ ತಾಮ್ರಶಾಸನ ಕೊರೆದವರಿಗೂ ಕನಿಕರ ಹುಟ್ಟೀತು.

ಕೊನೆಗೆ ತಂತಿಯೇ ಗತಿ ಎಂದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದವರುಂಟು. ಅಂಗಡಿಯವ ಫೋನಿನ ಮುಖವನ್ನೂ ನೋಡದೆ ‘ಚಲೇಗಾ’ ಎನ್ನುತ್ತಾನೆ. ಮನೆಗೆ ತಂದರೆ ಚಲಿಸುವುದಿಲ್ಲ. ಕಡಿಮೆ ಬೆಲೆಯ ಬಹಳಷ್ಟು ಫೋನುಗಳ ಟೈಪ್-ಸಿ ತೂತಿನಿಂದ ಚಾರ್ಜು ಒಳಗೆ ಹೋಗುತ್ತದೆ, ಚಿತ್ರ ಹೊರಗೆ ಬರುವುದಿಲ್ಲ. ಅದಕ್ಕೆ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಸವಲತ್ತು ಬೇಕು. ತೂತು ನೋಡಿದರೆ ಅದು ಇದೆಯೋ ಇಲ್ಲವೋ ಬ್ರಹ್ಮನಿಗೂ ತಿಳಿಯದು. ಇದ್ದವರ ತಂತಿಯನ್ನು, ಚಿತ್ರ ಯಾರೂ ನಕಲು ಮಾಡದಂತೆ ಕಾಯುವ ಎಚ್‌ಡಿಸಿಪಿ ಎಂಬ ದ್ವಾರಪಾಲಕ ತಡೆದು ನಿಲ್ಲಿಸುತ್ತಾನೆ. ಅವನಿಗೆ ಸಂಶಯ ಬಂದರೆ ಪರದೆ ಕಪ್ಪು, ಧ್ವನಿ ಮಾತ್ರ ಗಟ್ಟಿ. ಮ್ಯಾಚು ಮತ್ತೆ ರೇಡಿಯೊ ಕಾಲಕ್ಕೆ ಹೋಗುತ್ತದೆ, 55 ಇಂಚಿನ ರೇಡಿಯೊ.

ಕಾಲೊನಿಯ ಎರಡನೇ ಮಹಡಿಯ ಮನೆಯೊಂದು ಮಾತ್ರ ಈ ಸಮಸ್ಯೆಯನ್ನು ಪೂರ್ತಿಯಾಗಿ ಗೆದ್ದಿದೆ. ಐಪಿಎಲ್ ಸಂಜೆ, ಮಾವ, ಅಳಿಯ, ಇಬ್ಬರು ಮೊಮ್ಮಕ್ಕಳು ಸೋಫಾ ಬಿಟ್ಟು ಟಿವಿಯ ಬುಡದಲ್ಲಿ ಚಾಪೆ ಹಾಕಿ ಕೂತಿದ್ದಾರೆ. ಟಿವಿ ಆಫ್ ಆಗಿದೆ. ಅದರ ಗಾಜಿಗೆ ಒರಗಿಸಿಟ್ಟ ಫೋನಿನಲ್ಲಿ ಮ್ಯಾಚು ನಡೆಯುತ್ತಿದೆ.

‘ಟಿವಿಗೆ ಕನೆಕ್ಟ್ ಆಯ್ತಾ ಮಾಮಾ?’ ಎಂದು ಬಾಗಿಲಲ್ಲಿ ನಿಂತು ಕೇಳಿದರೆ, ಮಾವ ಕಣ್ಣು ಕೀಳದೆ ಹೇಳುತ್ತಾರೆ: ‘ಆಗಿದೆಯಲ್ಲ, ಕಾಣುದಿಲ್ವಾ? ಸ್ವಲ್ಪ ಆಚೆ ಸರಿ ಮಗಾ, ಫೋನು ಜಾರ್ತದೆ.’