ವೈಸ್‌ರಾಯ್‌ಗೆ ಗೋಪುರ, ಗಂಡ ಹೆಂಡತಿಗೆ ಬಿಸಿಲು

ದಸರೆ ಹತ್ತಿರವಾದಂತೆ ಮೈಸೂರಿಗೆ ಪರಂಪರೆಯ ಜ್ವರ ಏರುತ್ತದೆ. ರಸ್ತೆಗುಂಡಿಗಳಿಗೆ ತೇಪೆ ಬೀಳುತ್ತದೆ, ಫುಟ್‌ಪಾತ್ ಅಂಚಿಗೆ ಬಣ್ಣ ಬೀಳುತ್ತದೆ, ಪೇಟ ಸುತ್ತಿದ ಗಂಡಂದಿರನ್ನೂ ರೇಷ್ಮೆ ಸೀರೆಯುಟ್ಟ ಹೆಂಡತಿಯರನ್ನೂ ಟಾಂಗಾದಲ್ಲಿ ಕೂರಿಸಿ ಹಳೆಯ ಕಟ್ಟಡಗಳ ಮುಂದೆ ಸುತ್ತಿಸುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಚೆನ್ನಾಗಿ ಬರುತ್ತದೆ. ಅಂಥದೇ ಒಂದು ಜೋಡಿ ಮಾಮೂಲಿ ಭಾನುವಾರ, ಮಾಮೂಲಿ ಚಪ್ಪಲಿ ಮೆಟ್ಟಿ ಇದೇ ಊರನ್ನು ನಡೆದು ನೋಡಲು ಹೊರಟರೆ ಏನಾಗುತ್ತದೆ? ಗೈಡುಗಳನ್ನು ಕೇಳಿ ಪ್ರಯೋಜನವಿಲ್ಲ. ಅವರು ಆಟೊ ಹತ್ತಿಸುತ್ತಾರೆ. ಹಾಗಾಗಿ 1886ರಿಂದ ದೇವರಾಜ ಮಾರುಕಟ್ಟೆಯ ಮುಂದೆ ನಿಂತೇ ಇರುವ ಚಿಕ್ಕ ಗಡಿಯಾರವನ್ನು ಮಾತಾಡಿಸಿದೆ.

ನಮಸ್ಕಾರ ತಾತ. ಆರೋಗ್ಯವೇ?

ಆರೋಗ್ಯ ಆಮೇಲೆ. ಮೊದಲು ಆ ದೊಡ್ಡ ಗಡಿಯಾರದವನ ಹತ್ರ ಹೋಗಿ ಬಂದೆ ತಾನೆ?

ಇಲ್ಲ, ನೇರ ಇಲ್ಲಿಗೇ ಬಂದೆ.

ಸುಳ್ಳು ಹೇಳಬೇಡ ಮರಿ. ಎಲ್ಲರೂ ಮೊದಲು ಅಲ್ಲಿಗೇ ಹೋಗೋದು. ಟೌನ್‌ಹಾಲ್ ಪಕ್ಕ 75 ಅಡಿ ಎತ್ತರ ನಿಂತಿದಾನಲ್ಲ! ನಾಲ್ವಡಿಯವರು ರಾಜ್ಯಭಾರ ವಹಿಸಿಕೊಂಡು 25 ವರ್ಷ ಆಯ್ತು ಅಂತ 1927ರಲ್ಲಿ ಅರಮನೆ ನೌಕರರು ಕೈಯಿಂದ ದುಡ್ಡು ಹಾಕಿ ಕಟ್ಟಿಸಿದ್ರು. ಮುಖದ ಮೇಲೆ ಕನ್ನಡ ಅಂಕಿ ಬೇರೆ. ಸಂತೋಷ, ನಂದೇನೂ ತಕರಾರಿಲ್ಲ. ಆದ್ರೆ ಅವನಿಗಿಂತ ನಾನು 41 ವರ್ಷಕ್ಕೆ ಹಿರಿಯ. ಅವನಿಗೆ ಬಿರುಕು ಬಿಟ್ಟರೆ ತಜ್ಞರು ಓಡಿ ಬರ್ತಾರೆ. ನನಗೆ ನೆಗಡಿ ಆದ್ರೂ ಕೇಳೋರಿಲ್ಲ.

ನಾನು ಕೇಳಲು ಬಂದದ್ದು ನಡೆದು ಊರು ನೋಡುವ ದಂಪತಿಗಳ ಬಗ್ಗೆ.

ಕಳೆದ ಭಾನುವಾರ ಒಂದು ಜೋಡಿ ಬಂದಿತ್ತು. ಐವತ್ತರ ಆಸುಪಾಸು, ಮಾತು ಕೇಳಿದರೆ ಹಾವೇರಿ ಕಡೆಯವರು. ಬೆಳಗ್ಗೆ ಹತ್ತಕ್ಕೆ ಅರಮನೆ ಬಾಗಿಲು ತೆರೀತಿದ್ದ ಹಾಗೆ ಒಳಗೆ ಹೋದ್ರಂತೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕಲ್ಯಾಣ ಮಂಟಪ, ದರ್ಬಾರ್ ಹಾಲ್ ಎಲ್ಲ ನೋಡಿ ಹೊರಗೆ ಬಂದ್ರೆ ವರಾಹ ದ್ವಾರ. ಅದು ದಕ್ಷಿಣಕ್ಕೆ, ನಾನು ಉತ್ತರಕ್ಕೆ. ಕೋಟೆ ಗೋಡೆ ಸುತ್ತಿಕೊಂಡು ಬಿಸಿಲಲ್ಲಿ ಬಂದ್ರು. ಫುಟ್‌ಪಾತ್ ಮೇಲೆ ಬೈಕು, ಬೈಕಿನ ಪಕ್ಕ ಟ್ರಾನ್ಸ್‌ಫಾರ್ಮರು, ಅದರ ಪಕ್ಕ ಎಳನೀರು ರಾಶಿ. ಹಾಗಾಗಿ ರಸ್ತೆಗೆ ಇಳಿದರು. ರಸ್ತೆಗೆ ಇಳಿದರೆ ಬಸ್ಸಿನವನು ಹಾರನ್ ಹೊಡೆದು ಫುಟ್‌ಪಾತಿಗೆ ಹತ್ತಿಸಿದ. ಹೀಗೆ ಹತ್ತಿ ಇಳಿದು ಇಲ್ಲಿಗೆ ಬರೋ ಹೊತ್ತಿಗೆ ಯಜಮಾನರು, ಇದಕ್ಕಿಂತ ಚಾಮುಂಡಿ ಬೆಟ್ಟದ ಮೆಟ್ಟಿಲೇ ವಾಸಿ ಅಂದ್ರು.

ಇಲ್ಲಿಗೆ ಬಂದು ಎಲ್ಲಿ ಕೂತರು?

ಕೂರೋದೆಲ್ಲಿ ಬಂತು? ಮಾರ್ಕೆಟ್ ಒಳಗೆ ಹೋದ್ರು. ಕುಂಕುಮದ ಬಣ್ಣಬಣ್ಣದ ಗೋಪುರ, ವೀಳ್ಯದೆಲೆ ಕವಳಿಗೆ, ನಂಜನಗೂಡು ರಸಬಾಳೆ, ಹೂವಿನ ಸಾಲು. ಆಯಮ್ಮ ಮೈಸೂರು ಮಲ್ಲಿಗೆಯನ್ನ ಮೊಳದ ಲೆಕ್ಕದಲ್ಲಿ ಚೌಕಾಸಿ ಮಾಡಿದ್ರು. ಯಜಮಾನರು ಫೋಟೊ ಹೊಡೆದರು. ಆಮೇಲೆ ನನ್ನ ಕಡೆ ತಿರುಗಿ ಏನಂದ್ರು ಗೊತ್ತಾ? "ಇದೇ ಏನು ಆ ಗಡಿಯಾರ? ಭಾಳ ಸಣ್ಣದೈತಿ."

ಅದಿರಲಿ. ಮಾರುಕಟ್ಟೆಯಿಂದ ಹೊರಬಂದ ಮೇಲಾದರೂ ಕೂತರೇ?

ನೀನು ಕೂರೋದು ಕೂರೋದು ಅಂತ ಯಾಕೆ ಒಂದೇ ಸಮ ಪೀಡಿಸ್ತೀಯ?

ಯಾಕೆಂದರೆ ಈ ಊರಿನಲ್ಲಿ ಕೂರಬೇಕಾದರೆ ಏನಾದರೂ ಕೊಳ್ಳಬೇಕು. ಕಾಫಿ ಕುಡಿಯೋಣವೆಂದರೆ ಅಲ್ಲೂ ನಿಂತು ಕುಡಿಯುವ ಹೋಟೆಲು. ಕೂರುವ ಹೋಟೆಲಿನಲ್ಲಿ ಲೋಟ ಖಾಲಿಯಾಗುವ ಮೊದಲೇ ಬಿಲ್ಲು ಬರುತ್ತದೆ, ಬಿಲ್ಲಿನ ಹಿಂದೆಯೇ ಮೇಜು ಒರೆಸುವ ಬಟ್ಟೆ ಬರುತ್ತದೆ. ಊರನ್ನು ಯೋಜಿಸಲು 1903ರಲ್ಲೇ ಸುಧಾರಣಾ ಟ್ರಸ್ಟ್ ಬೋರ್ಡ್ ಸ್ಥಾಪಿಸಿದ ಮೈಸೂರು ಇದು! ನಡೆದು ದಣಿದವರಿಗೆ ನೆರಳಿನಲ್ಲಿ ಒಂದು ಕಲ್ಲುಬೆಂಚು, ಬೆನ್ನಿಗೊಂದು ಆಸರೆ...

ಇದು ಪ್ರಶ್ನೆಯೋ ಭಾಷಣವೋ?

ಪ್ರಶ್ನೆಯೇ. ಅವರು ಎಲ್ಲಿ ಕೂತರು?

ನನ್ನ ಕಟ್ಟೆ ಅಂಚಿಗೆ ಒರಗಿದರು. ಅಷ್ಟರಲ್ಲಿ ಬೆಲ್ಟು, ಕರ್ಚೀಫು ಮಾರೋನು ಬಂದು "ಸ್ವಲ್ಪ ಸರೀರಿ ಸಾರ್, ಸರಕು ಹರಡಬೇಕು" ಅಂದ. ಅವನದೂ ಹೊಟ್ಟೆಪಾಡು. ಸರಿದರು. ಅಲ್ಲಿಂದ ಜಗನ್ಮೋಹನ ಅರಮನೆಗೆ ಹೋಗಿ, ಹಲ್ದನ್ಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿದ್ರು.

ಆಕೆಯೂ ನಿಂತೇ ಇದ್ದಾಳೆ, ಗಮನಿಸಿದಿರಾ?

ನಿನಗೆ ಇದೇ ಒಂದು ಹುಚ್ಚು.

ಬಿಡಿ, ಇತಿಹಾಸಕ್ಕೆ ಬರೋಣ. ನಿಮ್ಮನ್ನು ಕಟ್ಟಿದ್ದು ಡಫರಿನ್ ಸಾಹೇಬರ ನೆನಪಿಗೆ.

ಹೂಂ. ವೈಸ್‌ರಾಯ್ ಡಫರಿನ್ ಬಂದುಹೋದ, ನನ್ನನ್ನು ನಿಲ್ಲಿಸಿದರು. ಆಮೇಲೆ ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದುಹೋದ. 1892ರಲ್ಲಿ ಅವನ ಹೆಸರಲ್ಲಿ ಅಂಗಡಿ ಸಾಲಿನ ಕಟ್ಟಡ ಎದ್ದಿತು. ನಾಲ್ಕು ದಿನದ ಅತಿಥಿಗೆ ಇಂಥ ಉಡುಗೊರೆ.

ಆದರೆ ದಿನವೂ ನಡೆದು ಬರುವ ಅತಿಥಿಗೆ ಒಂದು ಬೆಂಚೂ ಇಲ್ಲ. ನಾನು ಹೇಳುತ್ತಿರುವುದೂ ಅದನ್ನೇ!

ನೀನು ಬೆಂಚು ಅಂತಿರು. ಆಯಮ್ಮ ನನ್ನ ಬುಡದಲ್ಲಿ ನಿಂತು ಆ ಅಂಗಡಿ ಸಾಲಿನ ಕಡೆ ಕೈ ತೋರಿಸಿ ಕೇಳಿದ್ರು: "ಅಷ್ಟು ಚಂದದ ಕಟ್ಟಡ, ಯಾಕೆ ಹಂಗ ಖಾಲಿ ಬಿಟ್ಟಾರ?" ಯಜಮಾನರು ಫೋನ್ ನೋಡಿ "ಹೆರಿಟೇಜ್ ಅಂತ" ಅಂದ್ರು.

ಹೆರಿಟೇಜ್ ಅಂತೆ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸೀತು. ನಾಲ್ಕು ಜೀವ ಹೋಯ್ತು. ಹಳೇ ಪುಸ್ತಕದಂಗಡಿಯವರು, ಉಳಿದ ಬಾಡಿಗೆದಾರರು ಗಂಟುಮೂಟೆ ಕಟ್ಟಿಕೊಂಡು ಹೊರಟರು. ಎಂಥ ಗೋಡೆ ಎಷ್ಟು ಭಾರ ತಾಳುತ್ತೆ ಅಂತ ಊರಿಗೆ ಅವತ್ತೇ ಗೊತ್ತಾಗಬೇಕಿತ್ತು. ನಾಲ್ಕು ವರ್ಷ ಕಳೀತು. 2016ರ ಆಗಸ್ಟ್ 28, ಧನ್ವಂತರಿ ರಸ್ತೆ ಕಡೆ ದೇವರಾಜ ಮಾರ್ಕೆಟ್ಟಿನ ಉತ್ತರದ ಭಾಗ ಬಿತ್ತು. ಆಮೇಲೆ? ಕೆಡವಿ ಕಟ್ಟಬೇಕು ಅಂತ ಒಂದು ವರದಿ. ಕೆಡವಬೇಡಿ, ದುರಸ್ತಿ ಆಗುತ್ತೆ ಅಂತ ಇನ್ನೊಂದು. ಸಮಿತಿ, ಅದರ ಮೇಲೆ ಸಮಿತಿ, ಕೊನೆಗೆ ಹೈಕೋರ್ಟು. ಉಳಿಸೋರೂ ತಮ್ಮದೇ ಪರಂಪರೆಯ ಕಾಳಜಿ ಅಂತಾರೆ, ಕೆಡವೋರೂ ಹಾಗೇ ಅಂತಾರೆ. ನಡುವೆ ಅದೇ ಸೂರಿನ ಕೆಳಗೆ ಕೂತು ಹೂ ಕಟ್ಟೋಳು ಪ್ರತಿ ಮಳೆಗಾಲ ತಲೆ ಎತ್ತಿ ತೊಲೆ ನೋಡ್ತಾಳೆ. ಅವಳ ಅಭಿಪ್ರಾಯ ಯಾವ ವರದಿಯಲ್ಲೂ ನನಗೆ ಕಾಣಲಿಲ್ಲ.

ಡಫರಿನ್ ಹೆಸರು ನಿನಗೆ ಗೊತ್ತು. ಲ್ಯಾನ್ಸ್‌ಡೌನ್ ಹೆಸರು ಗೊತ್ತು. ಸತ್ತ ಆ ನಾಲ್ವರಲ್ಲಿ ಒಬ್ಬರ ಹೆಸರು ಹೇಳು ನೋಡೋಣ.

...

ಗೊತ್ತಿಲ್ಲ. ಟಾಂಗಾದಲ್ಲಿ ಕೂತವರಿಗೂ ಗೊತ್ತಿಲ್ಲ, ಮೆರವಣಿಗೆಗೆ ಬಾವುಟ ಬೀಸಿದವರಿಗೂ ಗೊತ್ತಿಲ್ಲ. ಬೀಳೋ ತನಕ ಬಾಡಿಗೆ ವಸೂಲಿ, ಬಿದ್ದ ಮೇಲೆ ಪರಂಪರೆ. ಇದನ್ನ ನೋಡ್ಕೊಂಡು ನಾನು ಗಂಟೆ ಎಣಿಸಬೇಕು.

ಆ ಜೋಡಿ ಕೊನೆಗೆ...

ಕೇಳು, ನಿನ್ನ ಪ್ರಶ್ನೆ ನನಗೆ ಗೊತ್ತು. ಸಂಜೆ ಏಳಕ್ಕೆ ಅರಮನೆ ದೀಪ ನೋಡಕ್ಕೆ ವಾಪಸ್ ನಡೆದರು. ಲಕ್ಷದಷ್ಟು ಬಲ್ಬು ಒಟ್ಟಿಗೆ ಹತ್ತಿದಾಗ ಜನ "ಓ!" ಅಂದದ್ದು ಇಲ್ಲಿಗೂ ಕೇಳಿಸ್ತು. ಅಲ್ಲೂ ನಿಂತೇ ನೋಡಿರಬೇಕು. ಸಾಕಾ?

ಸಾಕು. ಹಾಗಾದರೆ ನಿಮ್ಮ ಸುತ್ತಲಾದರೂ ನಾಲ್ಕು ಬೆಂಚು ಹಾಕಿ ಎಂದು ಒತ್ತಾಯಿಸೋಣವೇ?

ಬೇಡ. ಬೆಂಚು ಬಂದ್ರೆ ಮೊದಲು ಉದ್ಘಾಟನೆ. ಬೆನ್ನು ಒರಗೋ ಜಾಗದಲ್ಲಿ ಕೊಟ್ಟವರು, ಕೊಡಿಸಿದವರು, ಅಧ್ಯಕ್ಷತೆ ವಹಿಸಿದವರು, ಅಷ್ಟೂ ಹೆಸರು. ಮುಂದಿನ ವರ್ಷ ಕೇಬಲ್ ಹಾಕಕ್ಕೆ ಅಗೆದು ಅದನ್ನ ಪಕ್ಕಕ್ಕೆ ಎಸೀತಾರೆ. ಅದು ಬಿಟ್ಟು ಬೇರೇನಾದ್ರೂ ಬರಿ. ಅವನಿಗಿಂತ ನಾನು 41 ವರ್ಷಕ್ಕೆ ಹಿರಿಯ ಅಂತ ತಲೆಬರಹದಲ್ಲಿ ಹಾಕು.

ಹಾಕುತ್ತೇನೆ ತಾತ. ಆದರೆ ಬೆಂಚಿನ ವಿಷಯವನ್ನೂ ಎರಡು ಸಾಲು ಬರೆಯುತ್ತೇನೆ.

ಬರೀಲೇಬೇಕು ಅಂದ್ರೆ ಅದನ್ನ ಹೇಳಿದ್ದು ದೊಡ್ಡ ಗಡಿಯಾರ ಅಂತ ಬರಿ. ಬಯ್ಯೋರು ಅವನಿಗೇ ಬಯ್ಯಲಿ.