ಎರಡನೇ ಟರ್ಮಿನಲ್ಲಿನ ಸೆನ್ಸರಿ ರೂಮಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸೆನ್ಸರಿ ರೂಮ್ ಅವರಿಗೆ,
ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ದೇವನಹಳ್ಳಿ.

2025ರ ಜನವರಿಯಲ್ಲಿ ತಾವು ಬಾಗಿಲು ತೆರೆದಂದಿನಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಘನತೆ ಒಂದು ಮೊಳ ಹೆಚ್ಚಿದೆ. ಗದ್ದಲ, ಝಗಮಗ ಬೆಳಕು, ನೂಕುನುಗ್ಗಲು ತಾಳಲಾಗದ ಆಟಿಸಂ, ಎಡಿಎಚ್‌ಡಿ ಇರುವ ಪ್ರಯಾಣಿಕರು ತಮ್ಮಲ್ಲಿ ಕೂತು ಸುಧಾರಿಸಿಕೊಂಡು ವಿಮಾನ ಹತ್ತಬಹುದು. ಕೇಳಿ ಎದೆ ತುಂಬಿ ಬಂತು. ತಕರಾರು ಒಂದೇ, ಅದೂ ಸಣ್ಣದು: ತಮ್ಮ ದರ್ಶನಕ್ಕೆ ವಿಮಾನದ ಟಿಕೆಟ್ ಬೇಕು. ದೊಡ್ಡಬಳ್ಳಾಪುರದ ನೇಕಾರರ ಕೇರಿಯಲ್ಲಿ ವಿದ್ಯುತ್ ಮಗ್ಗದ ಸದ್ದಿನ ನಡುವೆ ಬೆಳೆಯುವ ಆಟಿಸಂನ ಹುಡುಗನಿಗೆ, ಹೊಸಕೋಟೆಯ ಕಿಕ್ಕಿರಿದ ತರಗತಿಯಲ್ಲಿ ಗಟ್ಟಿಯಾಗಿ ಓದು ಎಂದರೆ ಬೆವರುವ ಡಿಸ್ಲೆಕ್ಸಿಯಾದ ಹುಡುಗಿಗೆ ಹತ್ತು ನಿಮಿಷ ನೆಮ್ಮದಿ ಬೇಕೆನಿಸಿದರೆ ದುಬೈಗೊಂದು ಟಿಕೆಟ್ ಕೊಳ್ಳುವುದೇ ಸದ್ಯಕ್ಕೆ ಹತ್ತಿರದ ದಾರಿ.

ತಮ್ಮ ಬಳಗದ ಸೂರ್ಯಕಾಂತಿ ಪಟ್ಟಿಯನ್ನು ನೋಡಿದರಂತೂ ನಮ್ಮ ಕಚೇರಿಗಳಿಗೆ ಗಾಬರಿಯಾದೀತು. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ನಿಲ್ದಾಣದಲ್ಲಿ ಹುಟ್ಟಿದ ಈ ಹಸಿರು ಪಟ್ಟಿಯನ್ನು ಹೊರಗೆ ಕಾಣದ ವೈಕಲ್ಯವಿರುವವರು ಕೊರಳಿಗೆ ಹಾಕಿಕೊಂಡರೆ ಸಾಕು, ತರಬೇತಿ ಪಡೆದ ಸಿಬ್ಬಂದಿ ಅವಸರಿಸುವುದಿಲ್ಲ, ಇನ್ನೊಮ್ಮೆ ವಿವರಿಸುತ್ತಾರೆ, ಕಾಯುತ್ತಾರೆ. ಪ್ರಮಾಣಪತ್ರ ಕೇಳುವುದಿಲ್ಲ! ದೃಢೀಕೃತ ನಕಲು, ಮೂರು ಪ್ರತಿ, ಯಾವುದೂ ಇಲ್ಲ. ಅದೇ 2016ರಲ್ಲಿ ನಮ್ಮ ಸಂಸತ್ತು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯನ್ನು ಅಂಗೀಕರಿಸಿತು. ಅದು 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಅದರಲ್ಲಿವೆ. ಎಡಿಎಚ್‌ಡಿಯ ಹೆಸರೇ ಇಲ್ಲ. ಕಾಯ್ದೆಯ ಪಟ್ಟಿಯಲ್ಲಿದ್ದವರು ವೈದ್ಯಕೀಯ ತಪಾಸಣೆಗೆ ಅಲೆದು ಕಾರ್ಡು ಪಡೆಯಬೇಕು. ಇಲ್ಲದವರು ತಮಗೇನೂ ಆಗಿಲ್ಲವೆಂದು ನಂಬಿಕೊಂಡು ಮನೆಗೆ ಹೋಗಬಹುದು.

ಇಷ್ಟೆಲ್ಲ ಕೊಂಕು ಏಕೆಂದರೆ, ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾದಂಥ ನರವೈವಿಧ್ಯ ಇರುವವರ ಮನಸ್ಸನ್ನು ಕೆಡಿಸುವುದರಲ್ಲಿ ಅವರ ಮಿದುಳಿಗಿಂತ ನಮ್ಮ ಏರ್ಪಾಡುಗಳ ಪಾಲೇ ದೊಡ್ಡದು. 2014ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪ್ರಕಟಿಸಿದ ಬ್ರಿಟನ್ನಿನ ಅಧ್ಯಯನದಲ್ಲಿ, ಆಟಿಸಂನ ಒಂದು ರೂಪವಾದ ಆಸ್ಪರ್ಜರ್ ಇದೆಯೆಂದು ವಯಸ್ಕರಾದ ಮೇಲಷ್ಟೇ ತಿಳಿದ 374 ಜನರಲ್ಲಿ ಶೇ. 66ರಷ್ಟು ಮಂದಿಗೆ ಆತ್ಮಹತ್ಯೆಯ ಯೋಚನೆ ಬಂದಿತ್ತು. 2018ರ ಮತ್ತೊಂದು ಅಧ್ಯಯನ ಈ ಅಪಾಯಕ್ಕೂ ಎರಡು ಸಂಗತಿಗಳಿಗೂ ನಂಟಿರುವುದನ್ನು ತೋರಿಸಿತು: ಎಲ್ಲರಂತೆ ಕಾಣಲು ತಮ್ಮತನವನ್ನು ಮುಚ್ಚಿಡುವುದು, ಬೇಕಾದ ಆಸರೆ ಸಿಗದಿರುವುದು. ಮುಚ್ಚಿಡುವ ವಿದ್ಯೆಯನ್ನು ನಾವು ಒಂದನೇ ತರಗತಿಯಿಂದಲೇ ಪುಕ್ಕಟೆಯಾಗಿ ಕಲಿಸುತ್ತೇವೆ. ‘ಕಣ್ಣಲ್ಲಿ ಕಣ್ಣಿಟ್ಟು ಮಾತಾಡು’, ‘ಕೈ ಆಡಿಸಬೇಡ’, ‘ಹಠಮಾರಿ, ಎರಡು ಬಿಗಿದರೆ ಸರಿಹೋಗ್ತಾನೆ’. ಬಿಗಿಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ, ಮಾನಸಿಕ ಕಿರುಕುಳವನ್ನೂ.

ಇಂಥ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರು, ನಾಲ್ಕು ತಾಲ್ಲೂಕಿಗೆ ನಾಲ್ಕು ಜನ ಎನ್ನುವವರಿದ್ದಾರೆ. 2011ರ ಜನಗಣತಿಯ ನಮೂನೆಯಲ್ಲಿ ಆಟಿಸಂಗೆ ಪ್ರತ್ಯೇಕ ಕಾಲಂ ಇರಲಿಲ್ಲ. ಎಣಿಸದೆ ಇಲ್ಲ ಎನ್ನುವುದು ಸುಲಭ. 2018ರಲ್ಲಿ ‘ಪ್ಲಾಸ್ ಮೆಡಿಸಿನ್’ನಲ್ಲಿ ಬಂದ, ದೇಶದ ಐದು ಕಡೆ ನಡೆದ ಸಮೀಕ್ಷೆಯ ಅಂದಾಜಿನಂತೆ 2ರಿಂದ 9 ವರ್ಷದ ಎಂಟು ಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ನರಬೆಳವಣಿಗೆಯ ಒಂದಲ್ಲ ಒಂದು ತೊಂದರೆಯಿದೆ. ದೃಷ್ಟಿ, ಶ್ರವಣದೋಷಗಳೂ ಆ ಲೆಕ್ಕದಲ್ಲಿವೆ ಎಂದು ಕಳೆದರೂ ಉಳಿಯುವುದು ನಾಲ್ಕು ಜನವಲ್ಲ. ಪ್ರಮಾಣಪತ್ರ ಕೇಳದಿದ್ದರೆ ದುರುಪಯೋಗವಾಗುತ್ತದೆ ಎಂಬ ಮಾತೂ ಇದೆ. ಮೀಸಲಾತಿಗೆ, ಮಾಸಾಶನಕ್ಕೆ ಪತ್ರ ಕೇಳಿ, ನ್ಯಾಯ. ಆದರೆ ಧ್ವನಿವರ್ಧಕದಿಂದ ದೂರ ಕೂರುವುದಕ್ಕೆ, ನಾಳೆಯ ವೇಳಾಪಟ್ಟಿಯನ್ನು ಇವತ್ತೇ ಗೋಡೆಗೆ ಅಂಟಿಸುವುದಕ್ಕೆ, ಉತ್ತರವನ್ನು ಬಾಯಲ್ಲಿ ಹೇಳುವುದಕ್ಕೆ ಪತ್ರವೇಕೆ? ಅಗತ್ಯವಿಲ್ಲದ ಮಗುವೊಂದು ಅದನ್ನು ‘ದುರುಪಯೋಗ’ ಮಾಡಿಕೊಂಡರೆ ಆಗುವ ನಷ್ಟ ಆ ಮಗು ತುಸು ನೆಮ್ಮದಿಯಾಗಿರುವುದು ಮಾತ್ರ. ಹಣವಿಲ್ಲ ಎಂಬ ನೆಪವೂ ನಿಲ್ಲದು; ಇವುಗಳಲ್ಲಿ ಯಾವುದಕ್ಕೂ ಟೆಂಡರ್ ಕರೆಯಬೇಕಿಲ್ಲ. (ಕರೆಯಲೇಬೇಕೆಂದು ಹಟ ಹಿಡಿಯುವವರು ಸಿಕ್ಕಾರು, ಆ ಮಾತು ಬೇರೆ.)

ನಿಜಕ್ಕೂ ತೂಕದ ಆಕ್ಷೇಪ ಇನ್ನೊಂದಿದೆ, ಅದು ತಮಗೇ ಸಂಬಂಧಿಸಿದ್ದು. ಶಾಲೆಗೊಂದು ಶಾಂತ ಕೋಣೆ ಕೊಟ್ಟರೆ ‘ತೊಂದರೆ ಕೊಡುವ’ ಮಕ್ಕಳನ್ನು ದಿನವಿಡೀ ಅಲ್ಲಿ ತಳ್ಳಿ ಬಾಗಿಲು ಹಾಕುವ ಅಪಾಯವಿದೆ. ಒಪ್ಪತಕ್ಕ ಮಾತು. ಅದಕ್ಕೇ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಕೋಣೆ ಕಟ್ಟಿ ಎಂದು ಸುಮ್ಮನಾಗಿಲ್ಲ; ಎಲ್ಲ ಮಕ್ಕಳೊಂದಿಗೇ ಕಲಿಸಿ, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಿ, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಎನ್ನುತ್ತದೆ. ಕೋಣೆಗೆ ಹೋಗುವುದೂ ಹೊರಬರುವುದೂ ಮಗುವಿನ ಇಷ್ಟವಾಗಿರಬೇಕು, ಬದಲಾಗಬೇಕಾದ್ದು ತರಗತಿ. ಪ್ರಯಾಣಿಕರು ಸುಧಾರಿಸಿಕೊಂಡ ಮೇಲೆ ತಾವು ಅವರನ್ನು ವಿಮಾನಕ್ಕೆ ಕಳಿಸುತ್ತೀರಲ್ಲವೇ?

ಜಿಲ್ಲೆಗೇನೋ ಬದಲಾವಣೆ ಹೊಸದಲ್ಲ. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ನಮ್ಮನ್ನು ‘ಬೆಂಗಳೂರು ಉತ್ತರ’ ಎಂದು ಕರೆಯಲು ನಿರ್ಧರಿಸಿತು. ನಾಮಫಲಕಗಳಿಗೆ ಬಣ್ಣ ಸಿಕ್ಕೀತೆಂದಾದರೆ ವೇಳಾಪಟ್ಟಿ ಅಂಟಿಸಲು ಒಂದು ಡಬ್ಬಿ ಗೋಂದೂ ಸಿಕ್ಕೀತು. ಆದ್ದರಿಂದ ಈ ಪತ್ರವನ್ನು ಓದುವ ನೆಲಮಂಗಲದಿಂದ ಹೊಸಕೋಟೆವರೆಗಿನ ಪೋಷಕರಲ್ಲಿ ಒಂದು ವಿನಂತಿ: ಮುಂದಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಎದ್ದು ನಿಂತು, 16ನೇ ಸೆಕ್ಷನ್ ಪ್ರಕಾರ ನಮ್ಮ ಶಾಲೆ ಈ ವರ್ಷ ಏನು ಬದಲಿಸುತ್ತದೆ ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲೆಯ ಒಬ್ಬ ತೆರಿಗೆದಾರ