ಮಾಳಿಗೆ ಮೇಲೆ ಕೂತು ಹಕ್ಕಿ ನೋಡುವವರಿಗೆ ಬಳಕೆಯ ಸೂಚನೆಗಳು

ಬಳಸುವ ಮುನ್ನ ಪೂರ್ತಿ ಓದಿ. ಈ ಕೈಪಿಡಿ ಅಂಕಲಗಿ ಮತ್ತು ಸುತ್ತಲಿನ ಊರುಗಳ ಮಾಳಿಗೆಗಳಿಗೆ ಮಾತ್ರ ಅನ್ವಯಿಸುತ್ತದೆ. ಶಿವರಾತ್ರಿಯಿಂದ ಬಸವ ಜಯಂತಿಯವರೆಗೆ ಚಾಲ್ತಿಯಲ್ಲಿರುತ್ತದೆ. ಬೆಂಗಳೂರಿನ ಬಾಲ್ಕನಿಯವರಿಗೆ ಇದು ಹೊಂದುವುದಿಲ್ಲ. ಅವರ ಚಿಂತೆಯೆಲ್ಲ ಪಾರಿವಾಳದ ಒಂದೇ ಅಧ್ಯಾಯದಲ್ಲಿ ಮುಗಿಯುತ್ತದೆ.

ಬೇಕಾಗುವ ಸಾಮಾನು

ಒಂದು ದುರ್ಬೀನು, ಒಂದು ವಹಿ, ತಲೆಗೆ ಟವೆಲ್, ಉದ್ದನೆಯ ಒಂದು ಕೋಲು. ಪುಸ್ತಕ ಬೇಕೆಂದರೆ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಜೊತೆಗಿರಲಿ. ಕೋಲು ಯಾಕೆಂದು ಈಗಲೇ ಕೇಳಬೇಡಿ.

ದುರ್ಬೀನಿನ ಮೂತಿ ಸದಾ ಬೇವಿನ ಗಿಡದ ತುದಿಯ ಕಡೆಗೇ ಇರಬೇಕು. ಹಕ್ಕಿ ಅಲ್ಲಿಂದ ಕೆಳಗಿಳಿದು ಎದುರು ಮನೆಯವರು ಅರಿವೆ ಒಣಹಾಕಿದ ತಂತಿಯ ಮೇಲೆ ಕೂತಿತೋ, ಆ ಹಕ್ಕಿ ನಿಮ್ಮದಲ್ಲ, ಬಿಟ್ಟುಬಿಡಿ. ಅದು ನೀಲಕಂಠವೇ ಆಗಿದ್ದರೂ ಸರಿ. ರಾಜ್ಯಪಕ್ಷಿಯ ಸಲುವಾಗಿ ಓಣಿಯ ಹಿರಿಯರ ಮುಂದೆ ಕೈಕಟ್ಟಿ ನಿಲ್ಲುವ ಪ್ರಸಂಗ ಬೇಡ.

ಜಾಗದ ಪರವಾನಗಿ

ಇದು ಕೈಪಿಡಿಯ ಮುಖ್ಯ ಭಾಗ. ಫಾಲ್ಗುಣ, ಚೈತ್ರದಲ್ಲಿ ಮಾಳಿಗೆ ನಿಮ್ಮದಲ್ಲ. ಅದು ಶಾವಿಗೆ, ಹಪ್ಪಳ, ಸಂಡಿಗೆಗಳದ್ದು. ತೊಳೆದು ಹರವಿದ ಗೋಧಿಯದ್ದು. ಹಳೇ ಸೀರೆಗಳ ನಡುವೆ ಕುರ್ಚಿ ಹಾಕಲು ಗೇಣು ಜಾಗ ಸಿಗಬೇಕಾದರೆ ಮನೆಯ ಹಿರಿಯರೊಂದಿಗೆ ಒಪ್ಪಂದ ಆಗಲೇಬೇಕು. ಒಪ್ಪಂದದ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: “ಹೆಂಗೂ ಸುಮ್ನ ಕುಂದರತಿ. ಶಾವಿಗಿ ಕಡೆ ಲಕ್ಷ್ಯ ಇರಲಿ. ಗುಬ್ಬಿ ಬಂದ್ರ ಹಾರಸು.” ಇಷ್ಟು ಹೇಳಿ ಅವ್ವ ಕೋಲು ಕೈಗೆ ಕೊಡುತ್ತಾಳೆ.

ಅಂದರೆ ಹಕ್ಕಿ ನೋಡಲು ಬಂದವರು ಹಕ್ಕಿ ಓಡಿಸುವ ನೌಕರಿಗೆ ಸೇರಿದಂತಾಯಿತು. ಮನಸ್ಸಾಕ್ಷಿ ಚುಚ್ಚಿದರೆ ತಡೆದುಕೊಳ್ಳಿ. ಮಾರ್ಚ್ 20ರಂದು ಹೆಚ್ಚು ಚುಚ್ಚುತ್ತದೆ, ಅಂದು ವಿಶ್ವ ಗುಬ್ಬಚ್ಚಿ ದಿನ. ಬೆಳಿಗ್ಗೆ ಮೊಬೈಲಿನಲ್ಲಿ ‘ಗುಬ್ಬಿ ಉಳಿಸಿ’ ಎಂಬ ಚಿತ್ರ ನಾಲ್ಕು ಜನರಿಗೆ ಕಳಿಸಿ, ಹತ್ತು ಗಂಟೆಗೆ ಕೋಲು ಹಿಡಿದು ಮೆಟ್ಟಿಲು ಹತ್ತಿ. ಸಮಾಧಾನಕ್ಕೆ ಒಂದು ಸಂಗತಿ: ಸಲೀಂ ಅಲಿಯವರ ಹಕ್ಕಿ ವಿದ್ಯೆ ಶುರುವಾದದ್ದೂ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದು, ಅದರ ಕೊರಳಿನ ಹಳದಿ ಮಚ್ಚೆ ಏನೆಂದು ಕೇಳುತ್ತ ಹೋದಲ್ಲಿಂದ. ನೀವು ಬರೇ ಕೋಲು ಆಡಿಸುವವರು.

ಈ ನೌಕರಿಯ ಲಾಭ ದೊಡ್ಡದು. ಕೆಳಗಿಂದ ಯಾರಾದರೂ “ಏನ್ ಮಾಡಾಕತ್ತೀರಿ ಮಾಮಾ, ಬಿಸಲಾಗ?” ಎಂದು ಕೇಳಿದರೆ ಪಕ್ಷಿವೀಕ್ಷಣೆ ಅನ್ನಬೇಡಿ, ಆ ಸುದ್ದಿ ಚಾದ ಅಂಗಡಿ ಮುಟ್ಟುವಷ್ಟರಲ್ಲಿ ನಿಮಗೆ ಉಷ್ಣ ತಲೆಗೇರಿರುತ್ತದೆ. “ಹಕ್ಕಿ ಕಾಯಾಕತ್ತೀನಿ” ಅನ್ನಿ. ಕೇಳಿದವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಈ ಸೀಮೆಯಲ್ಲಿ ಹಕ್ಕಿಯನ್ನು ಕಣ್ಣಿಟ್ಟು ನೋಡಿದವರೆಲ್ಲ ಓಡಿಸಲಿಕ್ಕೇ ನೋಡಿದವರು. ಬಿಳಿಜೋಳ ಹಾಲುಗಾಳಾದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಿದ್ದವರಿಗೆ ಗುಲಾಬಿ ಕಬ್ಬಕ್ಕಿ ಮಧ್ಯ ಏಷ್ಯಾದಿಂದ ಬರುತ್ತದೆಂಬುದು ಗೊತ್ತಿರಲಿಲ್ಲ. ಅದರ ಹಿಂಡು ಹೊಲದ ಯಾವ ಮೂಲೆಗೆ ಬೀಳುತ್ತದೆ, ಕಲ್ಲು ಬಿದ್ದ ಮೇಲೆ ಯಾವ ಗಿಡಕ್ಕೆ ಹೋಗಿ ಕೂಡುತ್ತದೆ ಎಂಬುದು ಮಾತ್ರ ಕಣ್ಣು ಮುಚ್ಚಿಯೂ ಗೊತ್ತಿತ್ತು. ನೀವೂ ವಾರದೊಳಗೆ ಪುಸ್ತಕದಲ್ಲಿಲ್ಲದ್ದನ್ನು ಕಲಿಯುತ್ತೀರಿ. ಕಾಗೆ ನಿಮ್ಮ ಕೋಲನ್ನು ನೋಡುವುದೇ ಇಲ್ಲ, ಮುಖ ನೋಡುತ್ತದೆ. ನೀವು ವಹಿಯತ್ತ ಬಗ್ಗಿದ ಕೂಡಲೇ ಹಪ್ಪಳ ಹೋಯಿತು.

ಒಂದು ಎಚ್ಚರಿಕೆ. ಒಣಮೆಣಸಿನಕಾಯಿ ಹರವಿದ ದಿನ ರಜೆ ಎಂದು ತಿಳಿಯಬೇಡಿ. ಸಂಕೇಶ್ವರದ ಮೆಣಸಿನಕಾಯಿ ನಮ್ಮ ಕಣ್ಣಲ್ಲಿ ನೀರು ತರಿಸಬಹುದು, ಹಕ್ಕಿಗಳಿಗೆ ಖಾರ ಹತ್ತುವುದೇ ಇಲ್ಲ. ಗಿಣಿ ಅದನ್ನು ಕಾಲಲ್ಲಿ ಹಿಡಿದು ನಿಮ್ಮನ್ನೇ ನೋಡುತ್ತ ತಿನ್ನುತ್ತದೆ.

ದನಿಗಳ ವಿಭಾಗ

ಕೋಗಿಲೆ ವಸಂತಕ್ಕೆ ಎಲ್ಲಿಂದಲೋ ಬರುವ ಹಕ್ಕಿಯಲ್ಲ. ವರ್ಷವಿಡೀ ಇಲ್ಲೇ ಇರುತ್ತದೆ, ಚಳಿಗಾಲದಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ ಅಷ್ಟೇ. ಕಪ್ಪಗೆ, ಕೆಂಪು ಕಣ್ಣಿನದು ಗಂಡು. ಕಂದು ಮೈಮೇಲೆ ಬಿಳಿ ಚುಕ್ಕೆಯದು ಹೆಣ್ಣು. ಅದನ್ನು ಗಿಡುಗ ಎಂದು ಬರೆದು ಪಟ್ಟಿ ಉದ್ದ ಮಾಡುವವರಿದ್ದಾರೆ, ಆ ಪೈಕಿ ಸೇರಬೇಡಿ. ಕಾಗೆಯ ಗೂಡಿನ ಹತ್ತಿರ ಗಂಡು ಕೋಗಿಲೆ ಗದ್ದಲ ಎಬ್ಬಿಸಿ ಕಾಗೆಗಳನ್ನು ಬೆನ್ನಿಗೆ ಹಚ್ಚಿಕೊಂಡು ಹೋದಾಗ ಹೆಣ್ಣು ತನ್ನ ಮೊಟ್ಟೆ ಇಟ್ಟು ಬರುತ್ತದೆ. ಮೂತ್ರಕ್ಕೆ ಹೋಗಬೇಕಾದವರು ಆಗಲೇ ಹೋಗಿಬನ್ನಿ, ಹಪ್ಪಳಕ್ಕೆ ಅದೇ ಸುರಕ್ಷಿತ ಹೊತ್ತು.

ಟುಕ್ ಟುಕ್ ಎಂದು ಬಿಡದೆ ಬಡಿಯುವುದು ಕಂಚುಕುಟಿಗ. ತಲೆ ತಿರುಗಿಸುತ್ತ ಕೂಗುವುದರಿಂದ ದನಿ ಒಮ್ಮೆ ಆಲದ ಕಡೆಯಿಂದ, ಒಮ್ಮೆ ನೀರಿನ ಟಾಕಿಯ ಕಡೆಯಿಂದ ಬಂದಂತಿರುತ್ತದೆ. ಹುಡುಕುವವರು ಮೊದಲು ಟಾಕಿಯ ನಳ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ದನಿ ಕೇಳಿ ಹೆಸರು ಹೇಳುವ ಆಪ್‌ಗಳೂ ಉಂಟು. ಕಬ್ಬಿನ ಟ್ರ್ಯಾಕ್ಟರ್ ಸ್ಪೀಕರ್ ಹಚ್ಚಿಕೊಂಡು ದಾಟುವಾಗ ಅವನ್ನು ಬಳಸುವುದು ನಿಷ್ಫಲ.

ತೊಂದರೆ ಮತ್ತು ಪರಿಹಾರ

ಬೈಕಿನ ಕನ್ನಡಿಯನ್ನು ಹಕ್ಕಿ ಕುಕ್ಕುತ್ತಿದೆ: ಅದು ಗಂಡು ಸೂರಕ್ಕಿ. ಮೈಯೆಲ್ಲ ನೀಲಿ ಮಿರುಗುವ ಈ ದಿನಗಳಲ್ಲಿ ಕನ್ನಡಿಯೊಳಗಿನವನನ್ನು ವೈರಿ ಎಂದೇ ತಿಳಿದಿರುತ್ತದೆ. ಕನ್ನಡಿಗೆ ಹಳೇ ಕಾಲುಚೀಲ ಹಾಕಿ, ಹೊರಡುವಾಗ ತೆಗೆಯಲು ನೆನಪಿಡಿ.

ನೆಂಟರು ಬಂದು “ಘಟಪ್ರಭಾ ಪಕ್ಷಿಧಾಮ ಇಷ್ಟು ಹತ್ತಿರ ಇದ್ದು ಮಾಳಗಿ ಮ್ಯಾಲ ಯಾಕ ಕುಂತೀರಿ?” ಎಂದು ಕೇಳುತ್ತಾರೆ: 1974ರಲ್ಲಿ ಘೋಷಣೆಯಾದ ಪಕ್ಷಿಧಾಮ, ಧೂಪದಾಳದ ಒಡ್ಡಿನ ನೀರು, ಚಳಿಗಾಲದ ಅತಿಥಿಗಳಾದ ಡೆಮಾಯ್ಸೆಲ್ ಕ್ರೇನ್‌ಗಳು ಎಲ್ಲವನ್ನೂ ಗೌರವದಿಂದ ಒಪ್ಪಿಕೊಳ್ಳಿ. ಆ ಅತಿಥಿಗಳು ಬೇಸಿಗೆಗೆ ವಾಪಸಾಗಿರುತ್ತವೆ ಎಂದು ಹೇಳಿ ಗೋಕಾಕದ ಕರದಂಟು ಕೈಗಿಡಿ. ಬಾಯಿ ತುಂಬಿದ ಮೇಲೆ ಪ್ರಶ್ನೆ ಬರುವುದಿಲ್ಲ.

ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆಗೆ ಸೇರಬೇಕು, ಆದರೆ 15 ನಿಮಿಷ ಒಂದೇ ಕಡೆ ಕೂಡಲು ಬಿಡುತ್ತಿಲ್ಲ: ಕನಿಷ್ಠ ಅಷ್ಟು ಹೊತ್ತು ಎಣಿಸಬೇಕೆಂಬುದೇ ಅದರ ನಿಯಮ. ಗ್ಯಾಸಿನವನು, ಹಾಲಿನವನು, ಲೈಟ್ ಬಿಲ್ಲಿನವನು ಬರುವ ಹೊತ್ತು ಬಿಟ್ಟು ಕೂಡಿ. ಓಡಿಸಿದ ಗುಬ್ಬಿ ತಿರುಗಿ ಬಂದರೆ ಹೊಸ ಗುಬ್ಬಿ ಎಂದು ಎಣಿಸುವಂತಿಲ್ಲ. ಎಣಿಸಿದರೆ ಜಗತ್ತಿನಲ್ಲೇ ಹೆಚ್ಚು ಗುಬ್ಬಿ ಇರುವ ಊರು ಅಂಕಲಗಿಯಾದೀತು.

ಕಡೆಯದು, ದೊಡ್ಡ ತೊಂದರೆ. ಬಸವ ಜಯಂತಿಯ ಹೊತ್ತಿಗೆ ಶಾವಿಗೆ ಡಬ್ಬಿ ಸೇರುತ್ತದೆ, ಸೀರೆಗಳು ಮಡಿಕೆಯಾಗುತ್ತವೆ, ಕೋಲು ಮೂಲೆಗೆ ಹೋಗುತ್ತದೆ. ಇನ್ನೇನು ಕೆಲಸ ಅಂತ ನಿಮ್ಮನ್ನು ಕೆಳಗೆ ಕರೆಯುತ್ತಾರೆ. ಆ ಕ್ಷಣಕ್ಕೆ ತಡಮಾಡದೆ ಹೀಗೆ ಕೇಳಿ: “ಅವ್ವಾ, ಈ ವರ್ಷ ಸಂಡಿಗಿ ಸ್ವಲ್ಪ ಕಡಿಮಿ ಆಗೇತಲ್ಲ?”